ಇಂಟರ್ನೆಟ್ ಫೋನಿನಿಂದ 911ಗೆ ಕರೆ: ಮೊದಲು ವಿಳಾಸ ನೋಡಿ, ಉಳಿದದ್ದು ಆಮೇಲೆ

ಅಮೆರಿಕದಲ್ಲೋ ಕೆನಡಾದಲ್ಲೋ ಇದ್ದೀರಿ, ಮನೆಯ ಫೋನು ಇಂಟರ್ನೆಟ್ ಮೇಲೆ ನಡೆಯುತ್ತದೆ ಅಂತಾದರೆ, ಇದನ್ನು ಪೂರ್ತಿ ಓದುವ ಮೊದಲೇ ಒಂದು ಕೆಲಸ ಮಾಡಿ. ಫೋನ್ ಕಂಪನಿಯ ಅಕೌಂಟಿಗೆ ಲಾಗಿನ್ ಆಗಿ. 911 ಅಂದರೆ ಇಲ್ಲಿ ಆಂಬುಲೆನ್ಸ್, ಪೊಲೀಸ್, ಅಗ್ನಿಶಾಮಕ ದಳಕ್ಕೆ ಕರೆಯುವ ನಂಬರ್. ಅಕೌಂಟಿನಲ್ಲಿ 911 ವಿಳಾಸ ಅಥವಾ ಎಮರ್ಜೆನ್ಸಿ ವಿಳಾಸ ಅಂತ ಒಂದು ಜಾಗ ಇರುತ್ತದೆ. ಅದರಲ್ಲಿ ಏನು ಬರೆದಿದೆ ನೋಡಿ. ಈಗ ಇರುವ ಮನೆಯದ್ದೇ, ಅಪಾರ್ಟ್‌ಮೆಂಟ್ ನಂಬರ್ ಸಮೇತ ಇದ್ದರೆ ಸರಿ, ನಿಧಾನಕ್ಕೆ ಓದಿ. ಹಳೇ ಮನೆಯದ್ದು ಇದ್ದರೆ ಮೊದಲು ಅದನ್ನು ಬದಲಾಯಿಸಿ, ಆಮೇಲೆ ಬನ್ನಿ.

ಇಷ್ಟು ಅವಸರ ಯಾಕೆ ಅಂತೀರಾ? 2008ರ ಏಪ್ರಿಲ್ ಕೊನೆಯಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಒಂದೂವರೆ ವರ್ಷದ ಮಗುವೊಂದರ ಸ್ಥಿತಿ ಇದ್ದಕ್ಕಿದ್ದಂತೆ ಕೆಟ್ಟಿತು. ಮನೆಯವರು ಇಂಟರ್ನೆಟ್ ಫೋನಿನಿಂದ 911ಗೆ ಕರೆ ಮಾಡಿದರು. ಆಂಬುಲೆನ್ಸ್ ಹೊರಟಿದ್ದೇನೋ ನಿಜ, ಆದರೆ ಅದು ಹೋದದ್ದು ಒಂಟಾರಿಯೋದ ಮಿಸ್ಸಿಸಾಗಾದಲ್ಲಿ ಆ ಕುಟುಂಬ ಮೊದಲು ಇದ್ದ ಮನೆಗೆ. ಎರಡು ಊರುಗಳ ನಡುವೆ 2,500 ಕಿಲೋಮೀಟರಿಗೂ ಜಾಸ್ತಿ ದೂರ. ಇಲ್ಲಿ ಮನೆಯವರು ಬಾಗಿಲು ನೋಡುತ್ತಾ ಕಾದರು. ಕೊನೆಗೆ ಪಕ್ಕದ ಮನೆಯ ಫೋನಿನಿಂದ ಮತ್ತೆ ಕರೆ ಹೋಯಿತು, ಆಗ ಕ್ಯಾಲ್ಗರಿಯ ಆಂಬುಲೆನ್ಸ್ ಬೇಗನೆ ಬಂತು. ಮಗು ಉಳಿಯಲಿಲ್ಲ. ಮನೆ ಬದಲಾಗಿತ್ತು, ಫೋನು ಜೊತೆಗೇ ಬಂದಿತ್ತು, ಕಂಪನಿಯ ದಾಖಲೆಯಲ್ಲಿ ಮಾತ್ರ ಹಳೇ ವಿಳಾಸವೇ ಉಳಿದಿತ್ತು.

ಹಳೇ ತಾಮ್ರದ ತಂತಿಯ ಫೋನು ಹೀಗೆ ಮಾಡುತ್ತಿರಲಿಲ್ಲ. ಆ ತಂತಿ ಒಂದು ಮನೆಗೆ ಬಂದು ನಿಂತಿರುತ್ತದೆ, ಆ ಮನೆ ಯಾವುದು ಅಂತ ಟೆಲಿಫೋನ್ ಕಂಪನಿಗೆ ಗೊತ್ತಿರುತ್ತದೆ, ನೀವು ಮಾತಾಡದೆ ರಿಸೀವರ್ ಕೆಳಗಿಟ್ಟರೂ ವಿಳಾಸ 911ನವರ ಕಂಪ್ಯೂಟರಿನಲ್ಲಿ ಕಾಣುತ್ತದೆ. ಮೊಬೈಲ್ ಆದರೆ ಟವರ್ ಮತ್ತು ಜಿಪಿಎಸ್ ಸೇರಿ ನೀವು ಹೆಚ್ಚುಕಡಿಮೆ ಎಲ್ಲಿದ್ದೀರಿ ಅಂತ ಹೇಳುತ್ತವೆ. ಇಂಟರ್ನೆಟ್ ಫೋನಿನ ಡಬ್ಬಿಗೆ ಇದು ಯಾವುದೂ ಗೊತ್ತಿಲ್ಲ. ಅದನ್ನು ಫ್ರೀಮಾಂಟಿನಿಂದ ಕಿತ್ತು ಡಲ್ಲಾಸಿನಲ್ಲಿ ಚುಚ್ಚಿದರೂ ಅದೇ ನಂಬರ್, ಅದೇ ಡಯಲ್ ಟೋನ್. ಬೆಂಗಳೂರಿನ ಜಯನಗರದಲ್ಲಿ ಚುಚ್ಚಿದರೂ ಅಷ್ಟೇ. ಅದಕ್ಕೆ ಗೊತ್ತಿರುವುದು ನೀವು ಟೈಪ್ ಮಾಡಿ ಕೊಟ್ಟ ವಿಳಾಸ ಒಂದೇ.

ನಂಬರಿನ ಏರಿಯಾ ಕೋಡ್‌ಗೂ ಇದಕ್ಕೂ ಸಂಬಂಧ ಇಲ್ಲ ಅನ್ನುವುದೂ ಗೊತ್ತಿರಲಿ. ಕ್ಯಾಲಿಫೋರ್ನಿಯಾದ 408 ನಂಬರ್ ಇಟ್ಟುಕೊಂಡು ಟೆಕ್ಸಾಸಿನಲ್ಲಿ ಇರುವವರು ಬಹಳ ಜನ ಇದ್ದಾರೆ. ದಾಖಲೆಯಲ್ಲಿ ಟೆಕ್ಸಾಸಿನ ವಿಳಾಸ ಇದ್ದರೆ ಕರೆ ಟೆಕ್ಸಾಸಿನ ಕೇಂದ್ರಕ್ಕೇ ಹೋಗುತ್ತದೆ. ಇಲ್ಲದಿದ್ದರೆ ಇಲ್ಲ.

ನಿಮ್ಮ ಹತ್ತಿರ ಇರುವುದು ಯಾವ ಬಗೆಯ ಫೋನು?

ಇಂಟರ್ನೆಟ್ ಫೋನು ಅಂದರೆ ಎಲ್ಲವೂ ಒಂದೇ ಅಲ್ಲ, ಎಡವಟ್ಟು ಆಗುವುದೇ ಇಲ್ಲಿ.

ವೋನೇಜ್, ಊಮಾ, ಮ್ಯಾಜಿಕ್‌ಜ್ಯಾಕ್ ಥರದ್ದು, ಅಂದರೆ ಒಂದು ಸಣ್ಣ ಡಬ್ಬಿಯನ್ನು ರೂಟರಿಗೆ ಸೇರಿಸಿ ಅದಕ್ಕೆ ಮಾಮೂಲಿ ಫೋನ್ ಚುಚ್ಚುವುದು, ಇವುಗಳಿಂದ 911ಗೆ ಕರೆ ಹೋಗುತ್ತದೆ. 2005ರಲ್ಲಿ ಅಮೆರಿಕದ ಎಫ್‌ಸಿಸಿ, ಅಂದರೆ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ, ಈ ಬಗೆಯ ಕಂಪನಿಗಳಿಗೆಲ್ಲ ನಿಯಮ ಮಾಡಿತು: ಯಾವ ನಂಬರಿಗೆ ಬೇಕಾದರೂ ಕರೆ ಮಾಡುವ, ಎಲ್ಲರಿಂದಲೂ ಕರೆ ಪಡೆಯುವ ಸೇವೆ ಕೊಡುವುದಾದರೆ 911 ಕೂಡ ಕೊಡಲೇಬೇಕು, ಗ್ರಾಹಕರ ವಿಳಾಸ ಪಡೆಯದೆ ಲೈನ್ ಶುರು ಮಾಡಬಾರದು, 911ಗೆ ಎಲ್ಲೆಲ್ಲಿ ಮಿತಿ ಇದೆ ಅಂತ ತಿಳಿಸಿ ಗ್ರಾಹಕರಿಂದ ಒಪ್ಪಿಗೆ ಪಡೆಯಬೇಕು. ಸೈನ್ ಅಪ್ ಮಾಡುವಾಗ ಉದ್ದದ ನೋಟಿಸ್ ಬಂದಿತ್ತು, ನೀವು ಒಪ್ಪಿಗೆ ಅಂತ ಒತ್ತಿದ್ದಿರಿ, ನೆನಪಿದೆಯಾ? ಅದು ಇದೇ.

ಕೇಬಲ್ ಕಂಪನಿಯವರು ಟಿವಿ, ಇಂಟರ್ನೆಟ್ ಜೊತೆಗೆ ಸೇರಿಸಿ ಕೊಡುವ ಫೋನು ಕೂಡ ಇಂಟರ್ನೆಟ್ ಫೋನೇ. ಬಹಳ ಜನ ಅದನ್ನು ಹಳೇ ಲ್ಯಾಂಡ್‌ಲೈನ್ ಅಂದುಕೊಂಡಿರುತ್ತಾರೆ. ಅವರೇ ಬಂದು ಹಾಕಿಕೊಟ್ಟ ವಿಳಾಸ ಆದ್ದರಿಂದ ಸಾಮಾನ್ಯವಾಗಿ ಅದು ಸರಿಯಾಗಿಯೇ ಇರುತ್ತದೆ, ಆದರೆ ಆ ಮೋಡೆಮನ್ನು ಬೇರೆ ಮನೆಗೆ ಒಯ್ದು ಹಾಕಿಕೊಳ್ಳಬೇಡಿ.

ವಾಟ್ಸ್ಯಾಪ್‌ನಿಂದ ಎಮರ್ಜೆನ್ಸಿ ಕರೆ ಹೋಗುವುದಿಲ್ಲ. ಅವರ ಷರತ್ತುಗಳಲ್ಲೇ ಅದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಸ್ವಂತ ಬಳಕೆಯ ಗೂಗಲ್ ವಾಯ್ಸ್ ಅಕೌಂಟಿನಲ್ಲೂ 911 ಇಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಊರಿನಿಂದ ಬಂದ ಅಪ್ಪ ಅಮ್ಮನ ಕೈಯಲ್ಲಿ ಇರುವುದು ಸಿಮ್ ಇಲ್ಲದ ಟ್ಯಾಬ್ಲೆಟ್, ಮನೆಯ ವೈಫೈ ಮತ್ತು ವಾಟ್ಸ್ಯಾಪ್. ಅವರಿಗೆ ಅದೇ ಫೋನು. ಹಗಲು ನೀವಿಬ್ಬರೂ ಆಫೀಸಿಗೆ ಹೋದ ಮೇಲೆ ಆ ಟ್ಯಾಬ್ಲೆಟ್‌ನಿಂದ ಬೆಂಗಳೂರಿನ ತಂಗಿಯನ್ನು ಕರೆಯಬಹುದು, ಹತ್ತು ನಿಮಿಷದ ದೂರದಲ್ಲಿರುವ ಆಂಬುಲೆನ್ಸನ್ನು ಕರೆಯುವುದಕ್ಕೆ ಆಗುವುದಿಲ್ಲ.

ಮೊಬೈಲಿನ ವೈಫೈ ಕಾಲಿಂಗ್ ಇನ್ನೊಂದು ಬಗೆ. ಬೇಸ್‌ಮೆಂಟಿನಲ್ಲಿ, ಕಾಡಿನ ಹತ್ತಿರದ ಮನೆಯಲ್ಲಿ ಸಿಗ್ನಲ್ ಇಲ್ಲ ಅಂತ ಅದನ್ನು ಆನ್ ಮಾಡಿರುತ್ತೀರಿ. ಆನ್ ಮಾಡುವಾಗ ಅದೂ ಒಂದು ಎಮರ್ಜೆನ್ಸಿ ವಿಳಾಸ ಕೇಳಿರುತ್ತದೆ, ನೀವು ಆಗ ಇದ್ದ ಮನೆಯದ್ದು ಕೊಟ್ಟು ಮರೆತಿರುತ್ತೀರಿ. 911 ಒತ್ತಿದಾಗ ಫೋನು ಮೊದಲು ಮೊಬೈಲ್ ಸಿಗ್ನಲ್ಲನ್ನೇ ಹುಡುಕುತ್ತದೆ, ಅದು ಸಿಗದಿದ್ದರೆ ವೈಫೈ ಹಿಡಿಯುತ್ತದೆ. ಆಗ ಈ ವಿಳಾಸವೇ ಮುಂದೆ ಹೋಗಬಹುದು. ಸೆಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಒಳಗೆ ಹೋದರೆ ಅಲ್ಲೇ ಅದನ್ನು ತಿದ್ದುವ ಜಾಗ ಸಿಗುತ್ತದೆ. ಗಂಡ, ಹೆಂಡತಿ, ದೊಡ್ಡ ಮಕ್ಕಳು, ಪ್ರತಿ ಫೋನಿನಲ್ಲೂ ಬೇರೆ ಬೇರೆಯಾಗಿ ನೋಡಬೇಕು.

ವಿಳಾಸ ತಿದ್ದುವಾಗ ಗಮನಿಸಬೇಕಾದದ್ದು

ಬಿಲ್ ಕಳಿಸುವ ವಿಳಾಸ ಬೇರೆ, 911 ವಿಳಾಸ ಬೇರೆ. ಎಷ್ಟೋ ಕಂಪನಿಗಳಲ್ಲಿ ಒಂದನ್ನು ಬದಲಾಯಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಹೊಸ ಮನೆಗೆ ಬಂದ ವಾರ ಕ್ರೆಡಿಟ್ ಕಾರ್ಡ್, ಬ್ಯಾಂಕ್, ಕಾರಿನ ಇನ್ಶೂರೆನ್ಸ್ ಎಲ್ಲದರಲ್ಲೂ ವಿಳಾಸ ಬದಲಾಯಿಸುತ್ತೀರಿ, ಆ ಸಾಲಿನಲ್ಲೇ ಫೋನ್ ಕಂಪನಿಗೂ ಬಿಲ್ಲಿನ ವಿಳಾಸ ಕೊಡುತ್ತೀರಿ, ಎಲ್ಲ ಮುಗಿಯಿತು ಅನಿಸುತ್ತದೆ. ಮುಗಿದಿಲ್ಲ. ಎರಡನೇ ಜಾಗವನ್ನು ಬೇರೆಯಾಗಿ ತೆರೆದು ನೋಡಿ.

ತಿದ್ದುವ ಪುಟದಲ್ಲಿ ಮನೆ ನಂಬರ್, ರಸ್ತೆ, ಊರು, ರಾಜ್ಯ, ಜಿಪ್ ಕೋಡ್ ಕೇಳುತ್ತಾರೆ. ಅಪಾರ್ಟ್‌ಮೆಂಟ್ ನಂಬರಿಗೆ ಬೇರೆ ಸಣ್ಣ ಖಾನೆ ಇರುತ್ತದೆ, ಅದು ಕಡ್ಡಾಯ ಅಲ್ಲ ಅಂತ ಬಹಳ ಜನ ಖಾಲಿ ಬಿಡುತ್ತಾರೆ. ನಾಲ್ಕು ಬ್ಲಾಕು, ಒಂದೊಂದರಲ್ಲಿ ಮೂವತ್ತು ಮನೆ ಇರುವ ಕಾಂಪ್ಲೆಕ್ಸಿನಲ್ಲಿ ಆ ಖಾನೆ ಖಾಲಿ ಇದ್ದರೆ ಆಂಬುಲೆನ್ಸಿನವರು ಗೇಟಿನ ತನಕ ಬಂದು ಅಲ್ಲೇ ನಿಲ್ಲುತ್ತಾರೆ. ಮಹಡಿ, ಬಿಲ್ಡಿಂಗ್ ನಂಬರ್ ಬರೆಯಲು ಜಾಗ ಕೊಟ್ಟಿದ್ದರೆ ಅದನ್ನೂ ತುಂಬಿ. ಬೇಸ್‌ಮೆಂಟಿನ ಬಾಡಿಗೆ ಮನೆ ಆದರೆ ಅದನ್ನೂ ಬರೆಯಿರಿ. ಈಸ್ಟ್, ವೆಸ್ಟ್, ನಾರ್ತ್, ಸೌತ್ ಅನ್ನುವುದನ್ನು ಬಿಡಬೇಡಿ, ಒಂದೇ ಹೆಸರಿನ ರಸ್ತೆಗೆ ಎರಡು ತುದಿ ಇರುತ್ತದೆ. ಸ್ಟ್ರೀಟ್, ಕೋರ್ಟ್, ಡ್ರೈವ್ ಕೂಡ ಹಾಗೇ. ಪಕ್ಕಪಕ್ಕದ ಮೂರು ರಸ್ತೆಗೆ ಒಂದೇ ಮರದ ಹೆಸರಿಟ್ಟು ಕೊನೆಯ ಪದ ಮಾತ್ರ ಬದಲಾಯಿಸಿರುವ ಬಡಾವಣೆಗಳು ಬೇಕಾದಷ್ಟಿವೆ. ಪಿಒ ಬಾಕ್ಸ್ ಇಲ್ಲಿ ನಡೆಯುವುದಿಲ್ಲ.

ಸೇವ್ ಒತ್ತಿದ ಮೇಲೆ ಪುಟ ಮುಚ್ಚಬೇಡಿ. ಆ ಊರಿನ ರಸ್ತೆಗಳ ಪಟ್ಟಿಯ ಜೊತೆ ನಿಮ್ಮ ವಿಳಾಸ ಹೊಂದುತ್ತದೆಯೇ ಅಂತ ಕಂಪನಿ ನೋಡುತ್ತದೆ. ಹೊಸ ಬಡಾವಣೆಯಾಗಿದ್ದರೆ ಕೆಲವು ಸಲ ತಿರಸ್ಕಾರ ಆಗುತ್ತದೆ. ಆಗ ಹೇಗಾದರೂ ಆಗಲಿ ಅಂತ ಹತ್ತಿರದ ಬೇರೆ ವಿಳಾಸ ಕೊಡಬೇಡಿ, ಕಸ್ಟಮರ್ ಕೇರಿಗೆ ಕರೆ ಮಾಡಿ ಸರಿ ಮಾಡಿಸಿ. ಬದಲಾವಣೆ ಒಪ್ಪಿಗೆಯಾಗಿದೆ ಅಂತ ಇಮೇಲ್ ಬರುತ್ತದೆಯಾ ಅಂತಲೂ ಕಾಯಿರಿ, ಯಾಕೆಂದರೆ ಒತ್ತಿದ ತಕ್ಷಣ ಜಾರಿಗೆ ಬಂದೇ ಬರುತ್ತದೆ ಅಂತಿಲ್ಲ. ಆ ನಡುವೆ ಏನಾದರೂ ಆದರೆ ಮೊಬೈಲಿನಿಂದ ಕರೆ ಮಾಡಿ.

ಇನ್ನು ಪರೀಕ್ಷೆ. 911ಗೆ ಸುಮ್ನೆ ಟೆಸ್ಟ್ ಅಂತ ಕರೆ ಮಾಡಬೇಡಿ, ಅಲ್ಲಿ ಇನ್ಯಾರದ್ದೋ ಜೀವದ ಕರೆ ಕಾದಿರುತ್ತದೆ. ಅದಕ್ಕೆ ಬದಲು ಬಹಳ ಕಂಪನಿಗಳು 933 ಅಂತ ಒಂದು ನಂಬರ್ ಇಟ್ಟಿವೆ. ಮನೆಯ ಫೋನೆತ್ತಿ 933 ಒತ್ತಿದರೆ ಮನುಷ್ಯರು ಬರುವುದಿಲ್ಲ, ರೆಕಾರ್ಡ್ ಆದ ದನಿ ಬರುತ್ತದೆ. ಮೊದಲು ನಿಮ್ಮ ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದುತ್ತದೆ, ಆಮೇಲೆ ದಾಖಲೆಯಲ್ಲಿರುವ ವಿಳಾಸ. ಒಂದು ಹಾಳೆ ಪೆನ್ನು ಹಿಡಿದುಕೊಂಡು ಕೇಳಿದ್ದನ್ನು ಹಾಗೇ ಬರೆದುಕೊಳ್ಳಿ, ಮನೆ ನಂಬರಿನ ಅಂಕಿಗಳು ಹಿಂದುಮುಂದಾಗಿದ್ದರೆ ಬರೀ ಕಿವಿಗೆ ಗೊತ್ತಾಗುವುದಿಲ್ಲ. ನಿಮ್ಮ ಕಂಪನಿಯಲ್ಲಿ 933 ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ನಿಮ್ಮ ಊರಿನ ಪೊಲೀಸಿನವರ ನಾನ್ ಎಮರ್ಜೆನ್ಸಿ ನಂಬರಿಗೆ ಕರೆ ಮಾಡಿ, ಇಂಟರ್ನೆಟ್ ಫೋನಿನಿಂದ 911 ಟೆಸ್ಟ್ ಮಾಡಬೇಕು, ಯಾವಾಗ ಮಾಡಲಿ ಅಂತ ಕೇಳಿ. ಗದ್ದಲ ಇಲ್ಲದ ಹೊತ್ತು ಹೇಳುತ್ತಾರೆ. ಆ ಹೊತ್ತಿಗೆ ಕರೆ ಮಾಡಿ ಮೊದಲ ಮಾತಿನಲ್ಲೇ ಇದು ಟೆಸ್ಟ್ ಕರೆ ಅಂತ ಹೇಳಿ, ನಿಮ್ಮ ಪರದೆಯಲ್ಲಿ ಯಾವ ವಿಳಾಸ ಕಾಣುತ್ತಿದೆ ಅಂತ ಕೇಳಿ. ಕೈತಪ್ಪಿ 911 ಒತ್ತಿಹೋದರೆ ಮಾತ್ರ ಹೆದರಿ ಕಟ್ ಮಾಡಬೇಡಿ, ತಪ್ಪಿ ಬಂತು ಅಂತ ಹೇಳಿ ಇಡಿ, ಇಲ್ಲದಿದ್ದರೆ ಅವರು ವಾಪಸ್ ಕರೆ ಮಾಡುತ್ತಾರೆ ಅಥವಾ ಪೊಲೀಸರನ್ನು ಕಳಿಸುತ್ತಾರೆ.

ಅವರು ವಾಪಸ್ ಕರೆ ಮಾಡಿದಾಗ ನಿಮ್ಮ ಫೋನು ರಿಂಗ್ ಆಗುತ್ತದೆಯಾ? ಸ್ಪ್ಯಾಮ್ ಕಾಟಕ್ಕೆ ಗೊತ್ತಿಲ್ಲದ ನಂಬರ್‌ಗಳನ್ನೆಲ್ಲ ತಡೆಯುವ ಸೆಟಿಂಗ್ ಹಾಕಿರುತ್ತೀರಿ, ರಾತ್ರಿ ಹತ್ತರ ಮೇಲೆ ಎಲ್ಲ ಕರೆ ವಾಯ್ಸ್‌ಮೇಲಿಗೆ ಹೋಗಲಿ ಅಂತ ಮಾಡಿರುತ್ತೀರಿ. ಮಾತಿನ ನಡುವೆ ಲೈನ್ ಕಟ್ಟಾಗಿ ಅವರು ತಿರುಗಿ ಕರೆ ಮಾಡಿದರೆ ಅದೂ ಅಲ್ಲಿಗೇ ಹೋಗಬಹುದು. ಇದನ್ನು ಕಂಪನಿಯವರನ್ನು ಕೇಳಿ ತಿಳಿದುಕೊಳ್ಳಿ.

ಕರೆಂಟ್ ಹೋದಾಗ

ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು. ಮನೆಯಲ್ಲಿ ದೀಪ ಹೋದರೂ ಫೋನು ಬದುಕಿರುತ್ತಿತ್ತು. ಇಂಟರ್ನೆಟ್ ಫೋನಿಗೆ ಮೋಡೆಮ್, ರೂಟರ್, ಫೋನಿನ ಡಬ್ಬಿ, ಕಾರ್ಡ್‌ಲೆಸ್ ಆದರೆ ಅದರ ಬೇಸ್, ಇಷ್ಟಕ್ಕೂ ಕರೆಂಟ್ ಬೇಕು. ಒಂದು ಆರಿದರೂ ಮುಗಿಯಿತು. ಅಮೆರಿಕದಲ್ಲಿ ಕರೆಂಟ್ ಎಲ್ಲಿ ಹೋಗುತ್ತದೆ ಅಂತ ಅನಿಸಬಹುದು. 2019ರ ಅಕ್ಟೋಬರಿನಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಲಕ್ಷಾಂತರ ಮನೆಗಳ ಕರೆಂಟನ್ನು ದಿನಗಟ್ಟಲೆ ತೆಗೆದಿದ್ದರು. 2021ರ ಫೆಬ್ರವರಿಯ ಚಳಿಯಲ್ಲಿ ಟೆಕ್ಸಾಸಿಗೆ ಏನಾಯಿತು ಅಂತ ಅಲ್ಲಿದ್ದವರಿಗೆ ಗೊತ್ತು. ಆಂಬುಲೆನ್ಸ್ ಬೇಕಾಗುವ ಸಾಧ್ಯತೆ ಅಂಥ ದಿನಗಳಲ್ಲೇ ಜಾಸ್ತಿ, ಅಲ್ವಾ?

ಎಫ್‌ಸಿಸಿ ನಿಯಮದ ಪ್ರಕಾರ ಮನೆ ಫೋನಿನ ಕಂಪನಿಗಳು ಬ್ಯಾಕಪ್ ಬ್ಯಾಟರಿ ಮಾರಾಟಕ್ಕೆ ಇಡಬೇಕಿತ್ತು, ಮೊದಲು 8 ಗಂಟೆಯದ್ದು ಸಾಕಿತ್ತು, 2019ರಿಂದ 24 ಗಂಟೆಯದ್ದೂ ಇರಬೇಕಿತ್ತು. ಆ ನಿಯಮದ ಅವಧಿ 2025ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಗಲೂ ಪುಕ್ಕಟೆ ಕೊಡಬೇಕು ಅಂತಿರಲಿಲ್ಲ, ಕೇಳಿದವರಿಗೆ ಮಾರಬೇಕಿತ್ತು ಅಷ್ಟೇ. ಹಾಗಾಗಿ ಈಗ ಮಾರುತ್ತಾರಾ ಅಂತ ನೀವೇ ಕೇಳಬೇಕು. ಇಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಸಣ್ಣ ಯುಪಿಎಸ್ ತಂದು ಅದಕ್ಕೆ ಮೋಡೆಮ್, ರೂಟರ್, ಫೋನಿನ ಡಬ್ಬಿ ಮಾತ್ರ ಚುಚ್ಚಿ. ಟಿವಿ ಬೇಡ, ಕಂಪ್ಯೂಟರ್ ಬೇಡ. ಜೊತೆಗೆ ಒಂದು ಹಳೇ ಕಾಲದ ತಂತಿಯ ಫೋನ್ ಇಡಿ, ಅದಕ್ಕೆ ಬೇರೆ ಕರೆಂಟ್ ಬೇಕಾಗುವುದಿಲ್ಲ. ಯುಪಿಎಸ್ ತಂದ ದಿನವೇ ಗೋಡೆಯ ಪ್ಲಗ್ ಕಿತ್ತು ಫೋನಿನಿಂದ ಯಾರಿಗಾದರೂ ಕರೆ ಮಾಡಿ ನೋಡಿ, ಎಷ್ಟು ಹೊತ್ತು ತಡೆಯುತ್ತದೆ ಅಂತ ನಿಮ್ಮ ಮನೆಯ ಲೆಕ್ಕ ಸಿಗುತ್ತದೆ. ಇಷ್ಟೆಲ್ಲ ಮಾಡಿದರೂ ಬೀದಿಯ ಇಂಟರ್ನೆಟ್ ಲೈನೇ ಬಿದ್ದುಹೋದರೆ ಈ ಫೋನು ಕೆಲಸ ಮಾಡುವುದಿಲ್ಲ. ಅದಕ್ಕೇ ಎರಡನೇ ದಾರಿ ಬೇಕು.

ಎರಡನೇ ದಾರಿ ಅಂದರೆ ಮೊಬೈಲು. ನಿಮಗೆ ಗೊತ್ತಿರಲಿ, ಅಮೆರಿಕದಲ್ಲಿ ಪ್ಲಾನ್ ಇಲ್ಲದ, ದುಡ್ಡು ಕಟ್ಟದ ಮೊಬೈಲಿನಿಂದಲೂ 911 ಕರೆ ಹೋಗಬೇಕು ಅಂತ ನಿಯಮ ಇದೆ. ಡ್ರಾಯರಿನಲ್ಲಿ ಬಿದ್ದಿರುವ ಹಳೇ ಸ್ಮಾರ್ಟ್‌ಫೋನನ್ನು ಚಾರ್ಜರಿಗೆ ಹಾಕಿ ಅಡುಗೆಮನೆಯಲ್ಲಿ ಇಟ್ಟರೆ ಸಾಕು. ಎರಡು ವಿಷಯ ನೆನಪಿಡಿ. ತೀರಾ ಹಳೇದು ಬೇಡ, ದೊಡ್ಡ ಕಂಪನಿಗಳೆಲ್ಲ 2022ರಲ್ಲಿ 3ಜಿ ಜಾಲ ಮುಚ್ಚಿವೆ, 4ಜಿಯಲ್ಲಿ ಮಾತಾಡಲು ಬರುವ ಫೋನೇ ಆಗಬೇಕು. ಮತ್ತೆ ಅಂಥ ಫೋನಿಗೆ ನಂಬರ್ ಇಲ್ಲದ ಕಾರಣ 911ನವರು ವಾಪಸ್ ಕರೆ ಮಾಡಲು ಆಗುವುದಿಲ್ಲ, ಲೈನ್ ಕಟ್ಟಾದರೆ ನೀವೇ ಮತ್ತೆ ಮಾಡಬೇಕು, ಮೊದಲ ಮಾತಿನಲ್ಲೇ ವಿಳಾಸ ಹೇಳಬೇಕು. ಮಾತಾಡಲು ಆಗದಂಥ ಸ್ಥಿತಿ ಇದ್ದರೆ, ನಿಮ್ಮ ಮಾಮೂಲಿ ಮೊಬೈಲಿನಿಂದ 911ಗೆ ಮೆಸೇಜ್ ಕಳಿಸುವ ಸೌಲಭ್ಯ ಬಹಳ ಕಡೆ ಇದೆ. ಎಲ್ಲ ಕಡೆ ಇಲ್ಲ. ಇಲ್ಲದ ಕಡೆ ಮೆಸೇಜ್ ತಲುಪಲಿಲ್ಲ, ಕರೆ ಮಾಡಿ ಅಂತ ಉತ್ತರ ಬರುತ್ತದೆ.

ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ

ನನ್ನ ಪ್ರಕಾರ ಈ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯ ಭಾಗ ಇದು. ವೀಸಾ, ಟಿಕೆಟ್, ಇನ್ಶೂರೆನ್ಸ್, ಮಾತ್ರೆಗಳ ಚೀಟಿ ಎಲ್ಲ ಮಾಡುತ್ತೇವೆ. ಹಗಲು ಒಬ್ಬರೇ ಇದ್ದಾಗ ಸಹಾಯಕ್ಕೆ ಕರೆಯುವುದು ಹೇಗೆ ಅಂತ ಕೂತು ಹೇಳಿಕೊಡುವವರು ಕಡಿಮೆ.

ಅವರ ಬೆರಳಿಗೆ ಅಭ್ಯಾಸ ಇರುವುದು 100, 108, 112. ಇಲ್ಲಿ 911. ಊರಿನ ಸಿಮ್ ಹಾಕಿದ ಮೊಬೈಲಿನಿಂದಲೂ 911 ಒತ್ತಬಹುದು ಅಂತ ಹೇಳಿ, ರೋಮಿಂಗ್ ಪ್ಯಾಕ್ ಇಲ್ಲ, ದುಡ್ಡು ಹೋಗುತ್ತದೆ ಅಂತ ಅವರು ಹಿಂಜರಿಯಬಾರದು.

ಒಂದು ಅಂಗೈ ಅಗಲದ ರಟ್ಟಿನ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿ. ಮೇಲೆ 911. ಅದರ ಕೆಳಗೆ, ‘ಎಮರ್ಜೆನ್ಸಿ. ಆಂಬುಲೆನ್ಸ್.’ ಅದರ ಕೆಳಗೆ ವಿಳಾಸ, ಅದನ್ನೂ ಕನ್ನಡ ಅಕ್ಷರದಲ್ಲೇ. ಮನೆ ನಂಬರನ್ನು ಅಲ್ಲಿನವರಿಗೆ ತಿಳಿಯುವ ಹಾಗೆ ಒಂದೊಂದೇ ಅಂಕಿಯಾಗಿ: 4127 ಇದ್ದರೆ ‘ಫೋರ್, ಒನ್, ಟೂ, ಸೆವೆನ್’. ಆಮೇಲೆ ರಸ್ತೆಯ ಹೆಸರು, ಅಪಾರ್ಟ್‌ಮೆಂಟ್ ನಂಬರ್, ಊರು. ಕೊನೆಗೆ, ‘ಐ ಸ್ಪೀಕ್ ಕನ್ನಡ.’ ಬಹಳ ಕೇಂದ್ರಗಳಲ್ಲಿ ಫೋನಿನ ಮೇಲೇ ದುಭಾಷಿಯನ್ನು ಸೇರಿಸುವ ವ್ಯವಸ್ಥೆ ಇದೆ, ಯಾವ ಭಾಷೆ ಅಂತ ಗೊತ್ತಾದರೆ ಅವರ ಕೆಲಸ ಹಗುರ. ದುಭಾಷಿ ಬರುವ ತನಕ ಲೈನ್ ಬಿಡಬಾರದು. ಮಧ್ಯೆ ಸದ್ದಿಲ್ಲದೆ ಹೋದರೂ ಬಿಡಬಾರದು.

ರಟ್ಟು ಅಂಟಿಸಿದರೆ ಸಾಲದು, ಓದಿಸಿ. ಫೋನಿನ ಡಬ್ಬಿಯ ಪ್ಲಗ್ ಕಿತ್ತಿಟ್ಟು, ಅಮ್ಮನ ಕೈಗೆ ರಿಸೀವರ್ ಕೊಟ್ಟು, ನೀವು ಆ ಕಡೆಯವರಾಗಿ ಪ್ರಶ್ನೆ ಕೇಳಿ. ಅವರು ಮೊದಲು ಕೇಳುವುದೇ ಎಲ್ಲಿ, ಯಾವ ವಿಳಾಸ ಅಂತ. ಆಮೇಲೆ ಫೋನ್ ನಂಬರ್, ಆಮೇಲೆ ಏನಾಯಿತು. ನಮ್ಮವರು ಫೋನೆತ್ತಿದ ಕೂಡಲೇ ಬೆಳಿಗ್ಗೆಯಿಂದ ಎದೆ ಉರಿ, ತಿಂಡಿ ಸೇರಲಿಲ್ಲ ಅಂತ ಶುರುವಿನಿಂದ ಕಥೆ ಹೇಳುತ್ತಾರೆ. ಮೊದಲು ವಿಳಾಸ, ಆಮೇಲೆ ಕಾಯಿಲೆ ಅನ್ನುವುದು ಬಾಯಿಗೆ ಬರುವ ತನಕ ಹೇಳಿಸಿ. ಇನ್ನೊಂದು ಮಾತು. ಆ ಕಡೆಯವರು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಿದ್ದರೆ ಗಾಡಿ ಕಳಿಸದೆ ಸತಾಯಿಸುತ್ತಿದ್ದಾರೆ ಅಂತ ಅನಿಸಿ ಎಷ್ಟೋ ಹಿರಿಯರು ಸಿಟ್ಟಾಗಿ ಇಟ್ಟುಬಿಡುತ್ತಾರೆ. ಸಾಮಾನ್ಯವಾಗಿ ವಿಳಾಸ ಸಿಕ್ಕ ಕೂಡಲೇ ಗಾಡಿ ಹೊರಡಿಸುವ ಕೆಲಸ ಶುರುವಾಗಿರುತ್ತದೆ, ಮಾತು ಮುಂದುವರಿಯುತ್ತಿರುವುದು ದಾರಿಯಲ್ಲಿರುವವರಿಗೆ ವಿಷಯ ತಿಳಿಸುವುದಕ್ಕೆ, ನಿಮ್ಮ ಕೈಲಿ ಏನಾದರೂ ಮಾಡಿಸುವುದಕ್ಕೆ. ಇದನ್ನು ಮೊದಲೇ ಹೇಳಿರಿ.

ಹಣದ ಮಾತೂ ಆಡಿ. ಇಲ್ಲಿ ಆಂಬುಲೆನ್ಸ್ ಬಿಲ್ ಜಾಸ್ತಿ ಅಂತ ಅವರು ಯಾರ ಬಾಯಲ್ಲೋ ಕೇಳಿರುತ್ತಾರೆ. ಮಗನಿಗೆ ಭಾರ ಆಗಬಾರದು ಅಂತ ಎದೆ ನೋವನ್ನು ಸಂಜೆ ತನಕ ಹಿಡಿದುಕೊಂಡು ಕೂರುವ ಜೀವಗಳು ಅವು. ದುಡ್ಡಿನ ಯೋಚನೆ ನನಗಿರಲಿ, ನೀವು ನಂಬರ್ ಒತ್ತಿ ಅಂತ ಬಾಯಿಬಿಟ್ಟು ಹೇಳಿ.

ಬೇಸಿಗೆಯಲ್ಲಿ ಅವರು ಎರಡು ತಿಂಗಳು ಅಕ್ಕನ ಮನೆಗೆ ಹೋಗುತ್ತಾರೆ, ಹೋಗುವಾಗ ಡಬ್ಬಿಯನ್ನೂ ಜೊತೆಗೆ ಕಳಿಸುತ್ತೀರಿ ಅಂದರೆ ಅಷ್ಟು ದಿನಕ್ಕೂ ವಿಳಾಸ ಬದಲಾಯಿಸಲೇಬೇಕು. ಒಂದು ನಂಬರಿಗೆ ಒಂದೇ ವಿಳಾಸ. ರಟ್ಟು ಕೂಡ ಹೊಸದಾಗಿ ಬರೆಯಬೇಕು.

ಆಫೀಸು, ಹೋಟೆಲು

2013ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಮಾರ್ಷಲ್ ಊರಿನ ಒಂದು ಹೋಟೆಲ್ ಕೋಣೆಯಲ್ಲಿ ಕ್ಯಾರಿ ಹಂಟ್ ಎಂಬಾಕೆಯ ಕೊಲೆಯಾಯಿತು. ಒಂಬತ್ತು ವರ್ಷದ ಮಗಳು ಕೋಣೆಯ ಫೋನಿನಿಂದ ನಾಲ್ಕು ಸಲ 911 ಒತ್ತಿದಳು. ಹೊರಗಿನ ಕರೆಗೆ ಮೊದಲು 9 ಒತ್ತಬೇಕಿತ್ತು, ಅದು ಆ ಮಗುವಿಗೆ ಗೊತ್ತಿರಲಿಲ್ಲ. ಒಂದು ಕರೆಯೂ ಹೋಗಲಿಲ್ಲ. ಕ್ಯಾರಿಯ ಹೆಸರಿನಲ್ಲೇ ಕಾನೂನು ಬಂತು, 2020ರ ಫೆಬ್ರವರಿ 16ರಿಂದ ಹೊಸದಾಗಿ ಹಾಕುವ ಆಫೀಸು, ಹೋಟೆಲುಗಳ ಫೋನ್ ವ್ಯವಸ್ಥೆಯಲ್ಲಿ ನೇರವಾಗಿ 911 ಹೋಗಲೇಬೇಕು. ಅದಕ್ಕಿಂತ ಹಳೇ ವ್ಯವಸ್ಥೆಗಳಿಗೆ ಈ ಕಾನೂನಿನ ಕಡ್ಡಾಯ ಇಲ್ಲ. ಹಳೇ ಹೋಟೆಲಿನಲ್ಲಿ ಇಳಿದುಕೊಂಡಾಗ 911ಗೆ ಹೇಗೆ ಒತ್ತಬೇಕು ಅಂತ ಕೌಂಟರಿನಲ್ಲೇ ಕೇಳಿಬಿಡಿ, ಮಕ್ಕಳಿಗೂ ಹೇಳಿ.

ಆಫೀಸಿನ ಲ್ಯಾಪ್‌ಟಾಪಿನಲ್ಲಿ ಟೀಮ್ಸ್, ಜೂಮ್ ಫೋನ್ ಥರದ್ದು ಇದ್ದು, ಅದರಿಂದ ಹೊರಗಿನ ನಂಬರ್‌ಗಳಿಗೂ ಕರೆ ಹೋಗುತ್ತದೆ ಅಂದರೆ 911 ಕೂಡ ಹೋಗುತ್ತದೆ. ಆದರೆ ಎಲ್ಲಿಗೆ? ಮನೆಯಿಂದ ಕೆಲಸ ಮಾಡುವಾಗ ಅದರಲ್ಲಿ ಮನೆಯ ವಿಳಾಸ ಹಾಕುವ ಜಾಗ ಇರುತ್ತದೆ, ಹಾಕಿ. ಆಫೀಸಿನ ವಿಪಿಎನ್ (ಮನೆಯ ಲ್ಯಾಪ್‌ಟಾಪನ್ನು ಆಫೀಸಿನ ಜಾಲಕ್ಕೆ ಸೇರಿಸುವ ವ್ಯವಸ್ಥೆ) ಮೂಲಕ ಹೋಗುತ್ತಿದ್ದರೆ ಅದು ನಿಮ್ಮನ್ನು ಆಫೀಸಿನಲ್ಲೇ ಇದ್ದೀರಿ ಅಂದುಕೊಳ್ಳಬಹುದು. ಮೊಬೈಲ್ ಕೈಗೆಟಕುವಂತಿದ್ದರೆ ಲ್ಯಾಪ್‌ಟಾಪಿನಿಂದ ಮಾಡುವ ಯೋಚನೆಯೇ ಬೇಡ.

ಕೆನಡಾದಲ್ಲಿ ಡಬ್ಬಿ ಫೋನಿನಿಂದ 911 ಒತ್ತಿದರೆ ಮೊದಲು ಒಬ್ಬ ಮಧ್ಯವರ್ತಿ ಆಪರೇಟರ್ ಎತ್ತುತ್ತಾರೆ, ನೀವು ಎಲ್ಲಿದ್ದೀರಿ ಅಂತ ಕೇಳಿ ಆ ಊರಿನ ಕೇಂದ್ರಕ್ಕೆ ದಾಟಿಸುತ್ತಾರೆ. ಮಾತು ಕಟ್ಟಾದರೆ ಅವರ ಹತ್ತಿರ ಉಳಿಯುವುದು ದಾಖಲೆಯ ವಿಳಾಸ ಮಾತ್ರ. ಅದಕ್ಕೇ ಊರು, ಪ್ರಾಂತ್ಯ, ಮನೆ, ಈ ಕ್ರಮದಲ್ಲಿ ಮೊದಲೇ ಹೇಳಿಬಿಡಿ.

ತೊಂದರೆ ಕರ್ನಾಟಕದಲ್ಲಿ, ನೀವು ಇಲ್ಲಿ

ವಾಟ್ಸ್ಯಾಪ್ ವಿಡಿಯೋದಲ್ಲಿ ಮೈಸೂರಿನ ಅಪ್ಪನ ಜೊತೆ ಮಾತಾಡುತ್ತಿದ್ದೀರಿ, ಅವರು ಇದ್ದಕ್ಕಿದ್ದಂತೆ ಕುಸಿದರು. ನೀವು ಇಲ್ಲಿಂದ 911 ಒತ್ತಿದರೆ ನಿಮ್ಮ ಊರಿನ ಕೇಂದ್ರದವರು ಎತ್ತುತ್ತಾರೆ. ಭಾರತದ 112, 108 ಎರಡೂ ಅಲ್ಲಿಂದ ಒತ್ತುವ ನಂಬರ್‌ಗಳು, ಅವುಗಳಿಗೆ ಮೊದಲು +91 ಸೇರಿಸಿ ಇಲ್ಲಿಂದ ಪ್ರಯತ್ನ ಮಾಡುತ್ತಾ ಕೂರಬೇಡಿ. ಅಮೆರಿಕದ ನಂಬರಿನ ಡಬ್ಬಿಯನ್ನು ಬೆಂಗಳೂರಿನ ಮನೆಯಲ್ಲಿ ಹಾಕಿಟ್ಟಿದ್ದರೂ ಅದರಿಂದ 112 ಸಿಗುತ್ತದೆ ಅಂತ ನಂಬಬೇಡಿ, 911 ಒತ್ತಿದರಂತೂ ಕರೆ ಬರುವುದು ಅಮೆರಿಕಕ್ಕೇ. ಮಗಳ ಜೊತೆ ಮಾತು ಸುಲಭವಾಗಲಿ ಅಂತ ಆ ಡಬ್ಬಿ ಇರಲಿ, ಅದರ ಮೇಲೆ ‘ಇದರಿಂದ ಆಂಬುಲೆನ್ಸ್ ಬರಲ್ಲ, ಮೊಬೈಲಿನಿಂದ 112 ಅಥವಾ 108’ ಅಂತ ಒಂದು ಚೀಟಿ ಅಂಟಿಸಿ. ಊರಿನ ಫೈಬರ್ ಇಂಟರ್ನೆಟ್ ಜೊತೆ ಬರುವ ಲ್ಯಾಂಡ್‌ಲೈನ್ ಕೂಡ ಕರೆಂಟ್ ಹೋದರೆ ಹೋಗುತ್ತದೆ, ರೂಟರನ್ನು ಮನೆಯ ಯುಪಿಎಸ್ ಲೈನಿಗೆ ಹಾಕಿಸಿ.

ದೂರದಿಂದ ನೀವು ಮಾಡಬಹುದಾದದ್ದು ಪೂರ್ತಿ ನಂಬರ್‌ಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು. ಅಪ್ಪ ಅಮ್ಮನ ಮನೆಗೆ ಹತ್ತಿರದ, ಎಮರ್ಜೆನ್ಸಿ ವಿಭಾಗ ಇರುವ ಆಸ್ಪತ್ರೆಯ ಆಂಬುಲೆನ್ಸ್ ನಂಬರ್. ಆ ಬಡಾವಣೆಯ ಪೊಲೀಸ್ ಸ್ಟೇಷನ್ನಿನ ಲ್ಯಾಂಡ್‌ಲೈನ್, ಎಸ್‌ಟಿಡಿ ಕೋಡ್ ಸಮೇತ: ಬೆಂಗಳೂರಾದರೆ +91 80, ಮೈಸೂರಾದರೆ +91 821. ಅಕ್ಕಪಕ್ಕದ ಎರಡು ಮನೆಯವರ ಮೊಬೈಲು, ಅಪಾರ್ಟ್‌ಮೆಂಟ್ ಆದರೆ ಸೆಕ್ಯೂರಿಟಿಯವರದ್ದು. ಊರಿಗೆ ಹೋದಾಗ ಈ ನಂಬರ್‌ಗಳಿಗೆಲ್ಲ ಒಮ್ಮೆ ಕರೆ ಮಾಡಿ, ಎತ್ತುತ್ತಾರಾ ನೋಡಿ. ಇದೇ ಲೆಕ್ಕ ಅಮೆರಿಕದ ಒಳಗೂ ಬೇಕು. ಅಪ್ಪ ಅಮ್ಮ ನ್ಯೂಜೆರ್ಸಿಯ ತಂಗಿ ಮನೆಯಲ್ಲಿ, ನೀವು ಆಸ್ಟಿನ್‌ನಲ್ಲಿ ಇದ್ದರೆ ನಿಮ್ಮ 911 ಆಸ್ಟಿನ್‌ನಲ್ಲೇ ಎತ್ತುತ್ತಾರೆ. ಅವರು ಆ ಊರಿನ ಕೇಂದ್ರವನ್ನು ಹುಡುಕಿ ವಿಷಯ ದಾಟಿಸಬಹುದು, ಆದರೆ ಹೊತ್ತು ಹೋಗುತ್ತದೆ. ತಂಗಿಯ ಊರಿನ ಪೊಲೀಸರ ಹತ್ತು ಅಂಕಿಯ ನಂಬರ್ ನಿಮ್ಮ ಮೊಬೈಲಿನಲ್ಲಿ ಇರಲಿ.

ಪಕ್ಕದ ಮನೆಯವರ ನಂಬರ್ ಬರೆದುಕೊಳ್ಳುವಾಗ ಇನ್ನೊಂದು ಕೆಲಸ ಮಾಡಿ. ನಿಮ್ಮ ಅಪ್ಪ ಅಮ್ಮನ ಮನೆಯ ಕೀಲಿ ಒಂದನ್ನು ಅವರ ಹತ್ತಿರ ಕೊಟ್ಟಿರಿ, ರಾತ್ರಿ ಒಳಗಿನಿಂದ ಮೇಲಿನ ಚಿಲಕ ಹಾಕಬೇಡಿ ಅಂತ ಅಪ್ಪನಿಗೂ ಹೇಳಿ. ಚಿಲಕ ಹಾಕಿದ್ದರೆ ಆಂಬುಲೆನ್ಸ್ ಬಂದ ಮೇಲೂ ಬಾಗಿಲು ಒಡೆಯುವವರನ್ನು ಕರೆಸಬೇಕಾಗುತ್ತದೆ.